ಬೈಕಿಗೊಂದು ಒಣ ಜಾಗ



ಜರ್ಮನಿಯಲ್ಲಿ ಬೇಸಿಗೆಯ ದಿನಗಳಲ್ಲಿ ರಸ್ತೆ ಬದಿ ನಿಂತು, ಹಾದುಹೋಗುವ ಮೋಟಾರ್‌ಸೈಕಲ್ಲುಗಳ ನಂಬರ್ ಪ್ಲೇಟ್ ನೋಡಿ. ಅನೇಕ ಪ್ಲೇಟುಗಳ ಬಲತುದಿಯಲ್ಲಿ ಎರಡು ಸಣ್ಣ ಅಂಕಿಗಳು ಒಂದರ ಕೆಳಗೊಂದು ಇರುತ್ತವೆ. ಮೇಲೆ 04, ಕೆಳಗೆ 10 ಎಂದಿದ್ದರೆ, ಆ ಗಾಡಿಗೆ ರಸ್ತೆಯ ಮೇಲಿನ ಹಕ್ಕು ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗೆ ಮಾತ್ರ. ಈ ಋತುಮಾನದ ನಂಬರ್ ಪ್ಲೇಟ್ ಅಲ್ಲಿ 1997ರಲ್ಲಿ ಬಂತು. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಮಾಲೀಕನೇ ಆರಿಸಿಕೊಳ್ಳಬಹುದು. ಕಡಿಮೆಯೆಂದರೆ 2 ತಿಂಗಳು, ಹೆಚ್ಚೆಂದರೆ 11 ತಿಂಗಳು. ತೆರಿಗೆ ಆ ತಿಂಗಳುಗಳ ಲೆಕ್ಕಕ್ಕಷ್ಟೇ. ಉಳಿದ ತಿಂಗಳುಗಳಲ್ಲಿ ಗಾಡಿಯನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದಿರಲಿ, ಮನೆಯ ಮುಂದಿನ ಬೀದಿಯಲ್ಲಿ ನಿಲ್ಲಿಸುವ ಹಾಗೂ ಇಲ್ಲ.

ಹೀಗಾಗಿ ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಅಲ್ಲಿನ ಬೈಕ್ ಸವಾರರೆಲ್ಲರ ಮುಂದೆ ಒಂದೇ ಪ್ರಶ್ನೆ: ಮುಂದಿನ ಐದು ತಿಂಗಳು ಇದನ್ನು ಎಲ್ಲಿ ಇಡುವುದು, ಹೇಗೆ ಇಡುವುದು? ನಾನು ಹುಟ್ಟಿದ್ದು ತೀರ್ಥಹಳ್ಳಿ ಸೀಮೆಯಲ್ಲಿ. ಕೆಲಸದ ಮೇಲೆ ಕೆಲವು ವರ್ಷ ಜರ್ಮನಿಯ ದಕ್ಷಿಣ ಭಾಗದಲ್ಲಿದ್ದೆ. ಅಲ್ಲಿನವರು ಈ ಪ್ರಶ್ನೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎಂಬುದನ್ನು ನೋಡುತ್ತಾ ನೋಡುತ್ತಾ ನನಗೆ ನಮ್ಮೂರಿನ ಮಳೆಗಾಲ ನೆನಪಾಗುತ್ತಿತ್ತು. ಮೃಗಶಿರದಿಂದ ಆಶ್ಲೇಷ ಮಳೆಯವರೆಗೆ ನಮ್ಮಲ್ಲೂ ಎಷ್ಟೋ ಮನೆಗಳ ಬೈಕುಗಳು ಮೂಲೆ ಸೇರುತ್ತವೆ. ಹೊರದೇಶಕ್ಕೆ ಓದಲು ಹೋದ ಮಗನ ಬೈಕು ವರ್ಷಗಟ್ಟಲೆ ಜಗಲಿಯ ಮೇಲೆ ಟಾರ್ಪಾಲು ಹೊದ್ದು ನಿಂತಿರುತ್ತದೆ. ಅಲ್ಲಿ ಹಿಮ, ಇಲ್ಲಿ ಮಳೆ. ಆದರೆ ನಿಂತ ಗಾಡಿ ಹಾಳಾಗುವ ರೀತಿಯಲ್ಲಿ ಎರಡೂ ಕಡೆ ಹೆಚ್ಚಿನ ವ್ಯತ್ಯಾಸವಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಚಳಿಯಿಂದ ಬೈಕಿಗೆ ಕೇಡು ಎಂದು ಹೆಚ್ಚಿನವರು ಎಣಿಸುತ್ತಾರೆ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಒಣ ಚಳಿಯಲ್ಲಿ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ರೇಡಿಯೇಟರಿನಲ್ಲಿ ಬರಿಯ ನೀರಿದ್ದರೆ ಹೆಪ್ಪುಗಟ್ಟಿ ಎಂಜಿನ್ ಬಿರಿಯಬಹುದು ನಿಜ. ಸರಿಯಾದ ಕೂಲಂಟ್ ಹಾಕಿದ್ದರೆ ಆ ಭಯವೂ ಇಲ್ಲ. ಕೇಡು ತರುವುದು ತೇವ. ಸುತ್ತಲಿನ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 60 ದಾಟಿತೆಂದರೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಏರತೊಡಗುತ್ತದೆ. ಅದಕ್ಕೆ ಉಪ್ಪು ಸೇರಿದರೆ ಇನ್ನೂ ಬೇಗ. ಹಿಮ ಬೀಳುವ ದೇಶಗಳಲ್ಲಿ ರಸ್ತೆ ಜಾರದಿರಲೆಂದು ಉಪ್ಪು ಎರಚುತ್ತಾರೆ. ಆ ಉಪ್ಪು ನೀರು ಚೈನು, ಸ್ಪೋಕು, ಅಲ್ಯುಮಿನಿಯಂ ಎಂಜಿನ್ ಯಾವುದನ್ನೂ ಬಿಡುವುದಿಲ್ಲ. ಸವಾರಿ ಮಾಡಬಲ್ಲಷ್ಟು ಬಿಸಿಲಿರುವ ಚಳಿಗಾಲದ ದಿನಗಳಲ್ಲೂ ಅಲ್ಲಿನವರು ಬೈಕ್ ಹೊರಗೆ ತೆಗೆಯದಿರುವುದಕ್ಕೆ ಇದೇ ದೊಡ್ಡ ಕಾರಣ.

ಈ ತೇವ ಬರುವುದೆಲ್ಲಿಂದ? ಮುಚ್ಚಿದ ಕೋಣೆಯಲ್ಲಿ, ಸೂರಿನ ಕೆಳಗೆ, ಒಂದು ಹನಿ ಮಳೆಯೂ ತಾಗದ ಕಡೆ ನಿಂತ ಬೈಕು ಒದ್ದೆಯಾಗುವುದು ಹೇಗೆ? 20 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಸೊನ್ನೆ ಡಿಗ್ರಿಗೆ ಇಳಿದರೆ 5 ಗ್ರಾಂ ಕೂಡ ಕಷ್ಟ. ಮಿಕ್ಕದ್ದು ನೀರಾಗಿ ಇಳಿಯಲೇಬೇಕು, ಅದೂ ಅಕ್ಕಪಕ್ಕದಲ್ಲಿ ಅತ್ಯಂತ ತಣ್ಣಗಿರುವ ವಸ್ತುವಿನ ಮೇಲೆ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಚೊಂಬು ಬೆವರುವುದನ್ನು ನೀವೆಲ್ಲ ನೋಡಿದ್ದೀರಿ. ಎಂಜಿನ್ನಿಗೆ ಆಗುವುದೂ ಅದೇ. ಎಂಜಿನ್ ದಪ್ಪ ಲೋಹದ ಗಟ್ಟಿ. ರಾತ್ರಿಯಿಡೀ ತಣ್ಣಗಾದದ್ದು ಬೆಳಿಗ್ಗೆ ಗಾಳಿ ಬೆಚ್ಚಗಾದಷ್ಟು ಬೇಗ ಬೆಚ್ಚಗಾಗುವುದಿಲ್ಲ. ಆ ಹೊತ್ತಿನಲ್ಲಿ ಒಳನುಗ್ಗುವ ಬೆಚ್ಚನೆಯ ಗಾಳಿ ಅದರ ಮೇಲೆ, ಅದರ ಸಂದುಗೊಂದುಗಳಲ್ಲಿ, ಅರ್ಧ ಖಾಲಿಯಾದ ಟ್ಯಾಂಕಿನ ಒಳಗೋಡೆಯ ಮೇಲೆ ಕೂಡ, ಇಬ್ಬನಿ ಕಟ್ಟುತ್ತದೆ. ದಿನಕ್ಕೊಮ್ಮೆ ಬಿಸಿ, ದಿನಕ್ಕೊಮ್ಮೆ ತಂಪು ಆಗುವ ಜಾಗದಲ್ಲಿ ಇದು ದಿನಾ ನಡೆಯುತ್ತದೆ.

ಇದನ್ನು ತಿಳಿದ ಮೇಲೆ ಜಾಗ ಆರಿಸುವುದರಲ್ಲಿ ನಮ್ಮ ಲೆಕ್ಕಾಚಾರ ಬದಲಾಗಬೇಕು. ಬೆಚ್ಚಗಿರುವ ಜಾಗವೆಲ್ಲ ಒಳ್ಳೆಯದಲ್ಲ. ಬಿಸಿ-ತಂಪಿನ ಏರಿಳಿತ ಕಡಿಮೆಯಿರುವ, ಗಾಳಿ ನಿಧಾನವಾಗಿ ಆಡುವ, ಒಣ ನೆಲದ ಜಾಗ ಒಳ್ಳೆಯದು. ಹೀಟರ್ ಇಲ್ಲದ, ಆದರೆ ಗೋಡೆ ಒಣಗಿರುವ ಮಾಮೂಲು ಗ್ಯಾರೇಜು, ಆಗಾಗ ಹೀಟರ್ ಹಾಕಿ ಆರಿಸುವ ಗ್ಯಾರೇಜಿಗಿಂತ ಎಷ್ಟೋ ಮೇಲು. ಜರ್ಮನಿಯ ನಗರಗಳ ಅಪಾರ್ಟ್‌ಮೆಂಟುಗಳಲ್ಲಿ ನೆಲದಡಿಯ ಪಾರ್ಕಿಂಗ್ ಇರುತ್ತದೆ. ಸುಭದ್ರ, ಬೆಚ್ಚಗೆ, ಬೀಗ ಹಾಕಿದ ಜಾಗ. ಹೊಸದಾಗಿ ಹೋದ ನಮ್ಮ ಹುಡುಗರು ಅದೇ ಸರಿ ಎಂದು ನಿಶ್ಚಿಂತರಾಗುತ್ತಾರೆ. ಆದರೆ ಅಲ್ಲಿಗೆ ಪ್ರತಿ ಸಂಜೆ ಹತ್ತಾರು ಕಾರುಗಳು ಚಕ್ರದಲ್ಲಿ, ಮಡ್‌ಗಾರ್ಡಿನಲ್ಲಿ ಉಪ್ಪು ಬೆರೆತ ಹಿಮ ಹೊತ್ತು ಬರುತ್ತವೆ. ರಾತ್ರಿ ಅದು ಕರಗಿ ನೆಲದಲ್ಲಿ ಹರಿಯುತ್ತದೆ, ಆವಿಯಾಗಿ ಗಾಳಿ ಸೇರುತ್ತದೆ. ಮೂಲೆಯಲ್ಲಿ ನಿಂತ ಬೈಕು ಆ ಗಾಳಿಯನ್ನೇ ಐದು ತಿಂಗಳು ಉಸಿರಾಡಬೇಕು. ಬೇರೆ ದಾರಿ ಇಲ್ಲದಿದ್ದರೆ ಇಳಿಜಾರಿನ ದಾರಿಯಿಂದ ದೂರದ, ಕಾರುಗಳ ಓಡಾಟ ಕಡಿಮೆಯಿರುವ ಮೂಲೆಯನ್ನು ಕೇಳಿ ಪಡೆಯಿರಿ ಎಂದು ನಾನು ಹೇಳುತ್ತೇನೆ.

ಜಾಗವೇ ಇಲ್ಲದವರಿಗೆ ಅಲ್ಲಿ ಇನ್ನೊಂದು ಅನುಕೂಲವಿದೆ. ಅನೇಕ ಬೈಕ್ ಷೋರೂಮು, ವರ್ಕ್‌ಷಾಪುಗಳು ಚಳಿಗಾಲವಿಡೀ ಗಾಡಿಯನ್ನು ತಾವೇ ಇಟ್ಟುಕೊಂಡು, ಬ್ಯಾಟರಿ ಚಾರ್ಜ್ ಮಾಡುತ್ತಾ, ವಸಂತಕ್ಕೆ ಸರ್ವಿಸ್ ಮಾಡಿ ಕೊಡುತ್ತವೆ. ಒಪ್ಪಿಸುವ ಮೊದಲು ಎರಡು ಮಾತು ಕೇಳಿ ತಿಳಿದುಕೊಳ್ಳಬೇಕು: ಕಳವು, ಬೆಂಕಿಗೆ ಯಾರ ವಿಮೆ, ಮತ್ತು ನಡುವೆ ಒಂದು ದಿನ ಗಾಡಿ ಬೇಕೆಂದರೆ ಸಿಗುತ್ತದೆಯೇ. ಕಟ್ಟಡದ ಮೆಟ್ಟಿಲ ಕೆಳಗೆ ನಿಲ್ಲಿಸುವ ಯೋಚನೆ ಮಾತ್ರ ಅಲ್ಲೂ ಬೇಡ, ಇಲ್ಲೂ ಬೇಡ. ಪೆಟ್ರೋಲಿನ ಜ್ವಲನ ಬಿಂದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಅಂದರೆ ಎಂಥ ಚಳಿಯಲ್ಲೂ ಅದರ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೇರಿ ಹೋಗಿಬಿಡುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಮೆಟ್ಟಿಲ ಬುಡದಲ್ಲಿ ಹೊತ್ತಿದ ಬೈಕು ಮೇಲಿನ ಮನೆಗಳವರು ಇಳಿದು ಬರುವ ದಾರಿಯನ್ನೇ ಮುಚ್ಚುತ್ತದೆ. ಬೆಂಗಳೂರಿನ ಸಣ್ಣ ಅಪಾರ್ಟ್‌ಮೆಂಟುಗಳಲ್ಲಿ, ಪೇಯಿಂಗ್ ಗೆಸ್ಟ್ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಮೀಟರ್ ಬೋರ್ಡಿನ ಪಕ್ಕದಲ್ಲೇ ಸಾಲಾಗಿ ಗಾಡಿ ನಿಲ್ಲಿಸಿರುವುದನ್ನು ಕಂಡಾಗಲೆಲ್ಲ ನನಗೆ ಜೀವ ಝಲ್ಲೆನ್ನುತ್ತದೆ.

ಈಗ ನಮ್ಮ ಮಲೆನಾಡಿಗೆ ಬರೋಣ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಜುಲೈ ತಿಂಗಳಲ್ಲಿ ಹಾಕಿದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಬರುತ್ತದೆ. ಇಂಥ ಕಡೆ ಒಣ ಜಾಗ ಎಂದರೆ ಯಾವುದು? ಹಳೆಯ ಮನೆಗಳಲ್ಲಿ ಎರಡೇ ಇರುತ್ತವೆ. ಒಂದು ಬಚ್ಚಲ ಒಲೆಯ ಆಸುಪಾಸು. ಸದಾ ಬೆಂಕಿ, ಸದಾ ಬೆಚ್ಚಗೆ. ಸೌದೆ, ಅಡಿಕೆ ಹಾಳೆ, ಒದ್ದೆ ಕಂಬಳಿ ಎಲ್ಲ ಒಣಗುವುದು ಅಲ್ಲೇ. ನಾನೀಗ ಹೇಳಿದ ಪೆಟ್ರೋಲ್ ಆವಿಯ ಗುಣ ನೆನಪಿದ್ದರೆ, ಅಲ್ಲಿ ಬೈಕಿನ ಸುಳಿವೂ ಇರಬಾರದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕೊಟ್ಟಿಗೆ. ಮಾಡು ಗಟ್ಟಿ, ನೆಲ ಎತ್ತರ, ದನಗಳ ಮೈಶಾಖದಿಂದ ಒಂದಿಷ್ಟು ಬೆಚ್ಚಗೂ ಇರುತ್ತದೆ. ಕರುವಿನ ಗೂಟ ಖಾಲಿ ಇದ್ದರೆ ಅಲ್ಲಿಗೇ ಬೈಕು. ಊರಿನಲ್ಲಿ ಹೀಗೆ ನಿಂತ ಬೈಕುಗಳು ಎಷ್ಟೋ. ಈ ಕೊಟ್ಟಿಗೆಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅದರ ಹಿಂದೆ ನಮ್ಮ ದೇಶದ್ದೇ ಒಂದು ಕಥೆಯಿದೆ.

ಬ್ರಿಟಿಷರ ಸೈನ್ಯ ಇಲ್ಲಿದ್ದ ಕಾಲ. ಮಳೆಗಾಲದಲ್ಲಿ ದಂಡಿನ ಚಟುವಟಿಕೆ ಕಡಿಮೆ. ಬಂದೂಕಿನ ತೋಟಾಗಳನ್ನು ಮಳೆಯಿಂದ ಕಾಪಾಡಲೆಂದು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಕಳೆದು ತೆಗೆದು ನೋಡಿದರೆ ಎಷ್ಟೋ ತೋಟಾಗಳ ಹಿತ್ತಾಳೆ ಕೊಳವೆಗಳು ಬಿರುಕು ಬಿಟ್ಟಿರುತ್ತಿದ್ದವು. ಯಾರೂ ಮುಟ್ಟಿಲ್ಲ, ಯಾರೂ ಬಡಿದಿಲ್ಲ. ತುಕ್ಕು ಎನ್ನುವಂಥದ್ದೂ ಕಾಣುವುದಿಲ್ಲ. ಕಾರಣ ತಿಳಿಯದೆ ಅದನ್ನು ಋತುವಿನ ಬಿರುಕು ಎಂದೇ ಕರೆದರು. ಒಗಟು ಬಿಡಿಸಿದ್ದು 1921ರಲ್ಲಿ. ಕುದುರೆಯ ಗಂಜಲದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ಕೊಳವೆ ತಯಾರಿಸುವಾಗ ಲೋಹವನ್ನು ಎಳೆದು ಹಿಗ್ಗಿಸಿದ್ದರಿಂದ ಅದರೊಳಗೆ ಉಳಿದುಕೊಂಡ ಬಿಗಿತ, ಈ ಮೂರೂ ಸೇರಿದಾಗ ಹಿತ್ತಾಳೆ ಒಳಗಿಂದೊಳಗೇ ಸೀಳುತ್ತದೆ ಎಂದು ಲೋಹ ವಿಜ್ಞಾನಿಗಳು ತೋರಿಸಿದರು. ಇಂದಿಗೂ ಎಂಜಿನಿಯರಿಂಗ್ ಓದುವವರು ಲೋಹ ಸವೆತದ ಪಾಠದಲ್ಲಿ ಈ ತೋಟಾಗಳ ಕಥೆ ಓದುತ್ತಾರೆ.

ದನದ ಗಂಜಲದಲ್ಲೂ ಅದೇ ಅಮೋನಿಯಾ. ಬೈಕಿನಲ್ಲಿ ಹಿತ್ತಾಳೆ, ತಾಮ್ರ ಎಲ್ಲಿದೆ ಎಂದರೆ, ಕಾರ್ಬ್ಯುರೇಟರಿನ ಜೆಟ್ಟುಗಳು ಹಿತ್ತಾಳೆ, ವೈರುಗಳು ತಾಮ್ರ, ಅವುಗಳ ತುದಿಯ ಕನೆಕ್ಷನ್ನುಗಳು ಹಿತ್ತಾಳೆ. ಮಳೆಗಾಲ ಕಳೆದ ಮೇಲೆ ಬೈಕಿನ ಒಂದು ಇಂಡಿಕೇಟರ್ ಉರಿಯುವುದಿಲ್ಲ, ಹಾರ್ನ್ ಒಮ್ಮೆ ಕೂಗಿದರೆ ಇನ್ನೊಮ್ಮೆ ಕೂಗುವುದಿಲ್ಲ. ಮೆಕ್ಯಾನಿಕ್ ವೈರ್ ಬಿಚ್ಚಿ ನೋಡಿದರೆ ಹಸಿರು ಪುಡಿ. ತಾಮ್ರಕ್ಕೆ ಹಸಿರು ಹತ್ತಿಸಲು ಕೊಟ್ಟಿಗೆಯ ಗಾಳಿಗಿಂತ ಅನುಕೂಲವಾದದ್ದು ಇಲ್ಲ. ಗೊಬ್ಬರದ ಕೋಣೆಯೂ ಹಾಗೆಯೇ. ಯೂರಿಯಾ ಚೀಲಕ್ಕೆ ತೇವ ತಗುಲಿದರೆ ಅದೂ ಅಮೋನಿಯಾ ಬಿಡುತ್ತದೆ. ಅಡಿಕೆ ತೋಟದವರ ಮನೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದ ಮೈಲುತುತ್ತ, ಸುಣ್ಣ ಎರಡೂ ಅದೇ ಕೋಣೆಯಲ್ಲಿರುತ್ತವೆ. ಮೈಲುತುತ್ತದ ನೀರು ಕಬ್ಬಿಣ, ಅಲ್ಯುಮಿನಿಯಂ ಎರಡನ್ನೂ ತಿನ್ನುತ್ತದೆ. ಮಳೆ ಹೊಳವಾದಾಗ ದೋಟಿ, ಪಂಪು ಎಲ್ಲ ಹೊತ್ತು ಓಡಾಡುವ ಗಡಿಬಿಡಿಯಲ್ಲಿ ಒಂದಿಷ್ಟು ಚೆಲ್ಲಿಯೇ ಚೆಲ್ಲುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಕೇಳಿದರೆ, ಕೊಟ್ಟಿಗೆ, ಗೊಬ್ಬರದ ಕೋಣೆ ಎರಡನ್ನೂ ಬಿಟ್ಟು, ಇರಿಚಲು ಹೊಡೆಯದ ಮುಂದಿನ ಜಗಲಿಯೇ ವಾಸಿ. ಮೇಲೆ ತೇವ ಕೂರಬಹುದು, ಆದರೆ ಗಾಳಿಯಾಡುತ್ತದೆ, ಕೂತದ್ದು ಹಾರಿಹೋಗುತ್ತದೆ.

ನೆಲದ ಬಗ್ಗೆ ಒಂದು ಮಾತು. ಮಣ್ಣಿನ ನೆಲವಿರಲಿ, ಸಿಮೆಂಟಿನದಿರಲಿ, ಮಳೆಗಾಲದಲ್ಲಿ ಕೆಳಗಿನಿಂದ ತೇವ ಏರುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಬೈಕನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಸಾಕು. ಪ್ಲಾಸ್ಟಿಕ್ ಇರಬೇಕಾದ್ದು ಕೆಳಗೆ. ನಾವು ಹಾಕುವುದು ಮೇಲೆ. ನೀಲಿ ಟಾರ್ಪಾಲು ಸುತ್ತಿ ಹಗ್ಗದಿಂದ ಬಿಗಿದು ಕಟ್ಟಿದ ಬೈಕಿನ ಒಳಗೆ ಹಗಲಿನ ಬಿಸಿಗೆ ಎದ್ದ ಆವಿ ಹೊರಗೆ ಹೋಗಲಾರದೆ ರಾತ್ರಿ ಗಾಡಿಯ ಮೇಲೆಯೇ ಇಳಿಯುತ್ತದೆ. ಸೂರಿನ ಕೆಳಗಿರುವ ಬೈಕಿಗೆ ಹಳೆಯ ಹತ್ತಿ ಬೆಡ್‌ಶೀಟು ಅತ್ಯುತ್ತಮ ಹೊದಿಕೆ. ಬಯಲಲ್ಲೇ ಇಡಬೇಕಾದ ಅನಿವಾರ್ಯತೆ ಇದ್ದರೆ ಗಾಳಿ ಆಡುವ ಬಟ್ಟೆಯ ಕವರ್ ಕೊಳ್ಳಿ, ಕೆಳಗಿನ ಅಂಚು ನೆಲದಿಂದ ಒಂದು ಗೇಣು ಮೇಲಿರಲಿ.

ಇನ್ನು ಹೇಗೆ ಇಡುವುದು ಎಂಬುದಕ್ಕೆ ಬರುತ್ತೇನೆ. ಮೊದಲ ಪ್ರಶ್ನೆ ಪೆಟ್ರೋಲಿನದು. ಟ್ಯಾಂಕ್ ತುಂಬಿಸಿಡಬೇಕೋ, ಖಾಲಿ ಮಾಡಬೇಕೋ? ನಾಲ್ಕೈದು ತಿಂಗಳ ಮಟ್ಟಿಗಾದರೆ ಕತ್ತಿನವರೆಗೆ ತುಂಬಿಸಿ. ಟ್ಯಾಂಕಿನೊಳಗೆ ಗಾಳಿಗೆ ಜಾಗವಿಲ್ಲದಿದ್ದರೆ ಇಬ್ಬನಿಗೂ ಜಾಗವಿಲ್ಲ. ಆದರೆ ಇಂದಿನ ಪೆಟ್ರೋಲ್ ಬರಿಯ ಪೆಟ್ರೋಲ್ ಅಲ್ಲ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನ ಮಂತ್ರಿಗಳು ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಈಗ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ, ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್ ಬೆರೆತದ್ದು. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಎಳೆದುಕೊಂಡ ನೀರು ಒಂದು ಮಿತಿ ಮೀರಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಎಂಜಿನ್ನಿಗೆ ಹೋಗುವ ಪೈಪು ಇರುವುದೂ ತಳದಲ್ಲೇ. ಚಳಿ ಹೆಚ್ಚಿದಂತೆ ಈ ಬೇರ್ಪಡುವಿಕೆ ಇನ್ನೂ ಸುಲಭ. ಜರ್ಮನಿಯಲ್ಲಾದರೆ ಇ10ರ ಪಕ್ಕದಲ್ಲೇ ಎಥನಾಲ್ ಕಡಿಮೆಯಿರುವ ಇ5 ಪೆಟ್ರೋಲೂ ಬಂಕಿನಲ್ಲಿ ಸಿಗುತ್ತದೆ. ತಿಳಿದವರು ಅಕ್ಟೋಬರಿನ ಕೊನೆಯ ಟ್ಯಾಂಕಿಗೆ ಅದನ್ನೇ ಹಾಕಿಸುತ್ತಾರೆ. ನಮಗೆ ಆ ಆಯ್ಕೆ ಸುಲಭಕ್ಕಿಲ್ಲ. ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಎಂಬ ದ್ರವ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತದೆ. ಬಾಟಲಿಯ ಮೇಲಿನ ಅಳತೆಯಂತೆ ಹಾಕಿ, ಹತ್ತು ಕಿಲೋಮೀಟರ್ ಓಡಿಸಿದರೆ ಅದು ಟ್ಯಾಂಕಿನಿಂದ ಎಂಜಿನ್ನಿನವರೆಗೂ ತಲುಪುತ್ತದೆ.

ಮಗ ವಿದೇಶದಿಂದ ಬರುವುದು ವರ್ಷ, ಎರಡು ವರ್ಷದ ಮೇಲೆ ಎಂದಾದರೆ ತುಂಬಿಸಿಡುವ ಮಾತೇ ಬೇಡ. ಪೂರ್ತಿ ಇಳಿಸಿ, ಟ್ಯಾಂಕ್ ಒಣಗಿಸಿ, ಒಳಗೆ ಒಂದಿಷ್ಟು ಎಂಜಿನ್ ಆಯಿಲ್ ಹಾಕಿ ಎಲ್ಲ ಕಡೆ ತಾಗುವಂತೆ ಅಲುಗಾಡಿಸಿ ಮುಚ್ಚಿಡಿ. ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಗಳಲ್ಲಿ ನಿಲ್ಲಿಸುವ ಅವಧಿ ಎಷ್ಟೇ ಇರಲಿ, ಪೆಟ್ರೋಲ್ ಕಾಕ್ ಬಂದ್ ಮಾಡಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಟ್ಟು, ಆಮೇಲೆ ಕಾರ್ಬ್ಯುರೇಟರಿನ ಕೆಳಗಿನ ತಿರುಪು ಸಡಿಲಿಸಿ ಅದರ ಬಟ್ಟಲಲ್ಲಿ ಉಳಿದದ್ದನ್ನೂ ಇಳಿಸಬೇಕು. ಪೆಟ್ರೋಲಿನ ಹಗುರ ಅಂಶ ಹಾರಿಹೋಗಿ ಉಳಿಯುವ ಅಂಟು ಜೆಟ್ಟಿನ ತೂತನ್ನು ಮುಚ್ಚಿಬಿಡುತ್ತದೆ. ಆ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದಿರುವುದುಂಟು. ಮಳೆಗಾಲ ಮುಗಿದ ಮೇಲೆ ಚೋಕ್ ಎಳೆದರೆ ಮಾತ್ರ ನಡೆಯುವ ಬೈಕುಗಳ ರೋಗ ಬಹುಪಾಲು ಇದೇ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ದಿಗಳನ್ನು ಇವತ್ತಿಗೂ ಮನೆಯ ಹಿರಿಯರಂತೆ ನೋಡಿಕೊಳ್ಳುವವರು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿದ್ದಾರೆ. ಅವರಿಗೊಂದು ವಿಶೇಷ ಸೂಚನೆ. ಟೂ-ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕಿನ ಬೇರಿಂಗುಗಳಿಗೆ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ದಿಕ್ಕು. ನಿಂತ ಎಂಜಿನ್ನಿನಲ್ಲಿ ಆ ತೆಳು ಎಣ್ಣೆ ಇಳಿದುಹೋಗಿ, ನೀರು ಕುಡಿದ ಎಥನಾಲ್ ತಳದಲ್ಲಿ ನಿಂತರೆ ಬೇರಿಂಗಿಗೆ ತುಕ್ಕು ಖಚಿತ. ಪ್ಲಗ್ ಬಿಚ್ಚಿ, ಒಂದು ಟೀ ಚಮಚದಷ್ಟು 2ಟಿ ಆಯಿಲ್ ಒಳಗೆ ಬಿಟ್ಟು, ಇಗ್ನಿಷನ್ ಆಫ್ ಇರುವಾಗಲೇ ಕಿಕ್ಕರನ್ನು ಕೈಯಲ್ಲಿ ನಿಧಾನವಾಗಿ ನಾಲ್ಕಾರು ಸಲ ಒತ್ತಿ, ಪ್ಲಗ್ ಮತ್ತೆ ಹಾಕಿಬಿಡಿ. ಫೋರ್-ಸ್ಟ್ರೋಕ್ ಗಾಡಿ ವರ್ಷಗಟ್ಟಲೆ ನಿಲ್ಲುವುದಾದರೆ ಅದಕ್ಕೂ ಎಂಜಿನ್ ಆಯಿಲಿನಿಂದ ಇದೇ ಉಪಚಾರ ಮಾಡಬಹುದು.

ಎಂಜಿನ್ ಆಯಿಲ್ ಬದಲಿಸಬೇಕಾದ್ದು ನಿಲ್ಲಿಸುವ ಮೊದಲೋ, ಮತ್ತೆ ಹೊರಗೆ ತೆಗೆಯುವಾಗಲೋ? ನಿಲ್ಲಿಸುವ ಮೊದಲು. ಓಡಿ ಕಪ್ಪಾದ ಆಯಿಲಿನಲ್ಲಿ ನೀರೂ ಇರುತ್ತದೆ, ಆಮ್ಲವೂ ಇರುತ್ತದೆ. ಅದರಲ್ಲೇ ಬೇರಿಂಗುಗಳನ್ನು ತಿಂಗಳುಗಟ್ಟಲೆ ನೆನೆಹಾಕುವುದು ತರವಲ್ಲ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವ ಸಂಗತಿ. ಹೊರದೇಶದಲ್ಲಿರುವ ಮಗ ಫೋನಿನಲ್ಲಿ ಕೇಳುತ್ತಾನೆ: "ಅಪ್ಪಾ, ಗಾಡಿ ಸ್ಟಾರ್ಟ್ ಮಾಡ್ತಾ ಇದೀಯಾ?" ಅಪ್ಪ ಹೇಳುತ್ತಾರೆ: "ಹ್ಞೂಂ ಕಣೋ, ಪ್ರತಿ ಭಾನುವಾರ ತಪ್ಪದೆ ಐದು ನಿಮಿಷ ಬಿಡ್ತೀನಿ." ಮಗನ ಮೇಲಿನ ಪ್ರೀತಿಯಿಂದಲೇ ಮಾಡುವ ಕೆಲಸ. ಆದರೆ ಗಾಡಿಗೆ ಅದರಿಂದ ಹಾನಿಯೇ ಹೆಚ್ಚು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಆಶ್ಚರ್ಯವೆನಿಸಿದರೂ ರಸಾಯನಶಾಸ್ತ್ರದ ಸರಳ ಲೆಕ್ಕ ಇದು: ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಸೇರಿ ನೀರಾಗುತ್ತದೆ. ಬೈಕು ದೂರ ಓಡಿ ಚೆನ್ನಾಗಿ ಕಾದಾಗ ಆ ನೀರು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಐದು ನಿಮಿಷದಲ್ಲಿ ಸೈಲೆನ್ಸರಿನ ಒಳಭಾಗ ಅಷ್ಟು ಕಾಯುವುದೇ ಇಲ್ಲ. ನೀರು ಒಳಗೇ ನಿಲ್ಲುತ್ತದೆ, ಸ್ವಲ್ಪ ಪಿಸ್ಟನ್ ಪಕ್ಕದಿಂದ ಇಳಿದು ಆಯಿಲಿಗೂ ಸೇರುತ್ತದೆ. ಸ್ಟಾರ್ಟ್ ಮಾಡಲು ಬ್ಯಾಟರಿ ಕೊಟ್ಟ ಶಕ್ತಿಯೂ ಅಷ್ಟು ಹೊತ್ತಿನಲ್ಲಿ ಪೂರ್ತಿ ವಾಪಸಾಗುವುದಿಲ್ಲ. ಮುಂದಿನ ಭಾನುವಾರ ಅದರ ಮೇಲೆ ಇನ್ನಷ್ಟು. ಸೈಲೆನ್ಸರ್ ಒಳಗಿನಿಂದ ತೂತಾಗುವುದು ಹೀಗೆ. ಮಳೆ ಬಿಟ್ಟ ದಿನ ಅಪ್ಪ ಹೆಲ್ಮೆಟ್ ಹಾಕಿಕೊಂಡು ಪೇಟೆಯವರೆಗೆ ಅರ್ಧ ಗಂಟೆ ಓಡಿಸಿ ಬರುತ್ತಾರಾದರೆ ಬಹಳ ಒಳ್ಳೆಯದು, ಗಾಡಿಗೂ ಅವರಿಗೂ. ಅದಾಗದಿದ್ದರೆ ಮುಟ್ಟದೆ ಬಿಡುವುದೇ ಮೇಲು.

ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ತನ್ನಿ. ಹೊಸ ಬೈಕುಗಳಲ್ಲಿ ಗಡಿಯಾರ, ಅಲಾರಾಂ, ಕಂಪ್ಯೂಟರು ಎಂದು ಸದಾ ಒಂದಿಷ್ಟು ಕರೆಂಟು ಸೋರುತ್ತಲೇ ಇರುತ್ತದೆ. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಸುಮ್ಮನಿದ್ದಾಗ 12.7 ವೋಲ್ಟ್ ತೋರಿಸುತ್ತದೆ. 12.4ಕ್ಕೆ ಇಳಿದರೆ ಚಾರ್ಜಿಗೆ ಹಾಕಬೇಕು. ಹಾಗೇ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಗಟ್ಟಿ ಪದರ ಕಟ್ಟಿ ಮತ್ತೆಂದೂ ಚಾರ್ಜ್ ಹಿಡಿಯುವುದಿಲ್ಲ. ಚಳಿ ದೇಶದಲ್ಲಿ ಇನ್ನೊಂದು ವಿಚಿತ್ರವಿದೆ. ತುಂಬಿದ ಬ್ಯಾಟರಿಯ ಆಮ್ಲ ಸೊನ್ನೆಗಿಂತ 50 ಡಿಗ್ರಿ ಕೆಳಗೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದು ಸುಮಾರು 10 ಡಿಗ್ರಿ ಕೆಳಗೇ ಗಡ್ಡೆ ಕಟ್ಟಿ ಪೆಟ್ಟಿಗೆ ಬಿರಿಯಬಹುದು. ತುಂಬಿದ ಬ್ಯಾಟರಿಗೆ ತಂಪೇ ಹಿತ, ಅದು ತಾನಾಗಿ ಖಾಲಿಯಾಗುವ ವೇಗ ಚಳಿಯಲ್ಲಿ ಕಡಿಮೆ. ಲಿಥಿಯಂ ಬ್ಯಾಟರಿಯಾದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು. ಸಿಮೆಂಟ್ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಎಂಬ ನಂಬಿಕೆ ಹಳೆಯ ರಬ್ಬರ್ ಪೆಟ್ಟಿಗೆಗಳ ಕಾಲದ್ದು. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅದು ಅನ್ವಯಿಸುವುದಿಲ್ಲ.

ಟೈರಿಗೆ ಕಂಪನಿ ಹೇಳಿದ ಗಾಳಿ ತಪ್ಪದೆ ತುಂಬಿಸಿ. ಉಷ್ಣತೆ ಐದಾರು ಡಿಗ್ರಿ ಇಳಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ, ಆದ್ದರಿಂದ ಚಳಿ ಕಡೆಯವರು ತುಸು ಹೆಚ್ಚೇ ಹಾಕುತ್ತಾರೆ. ಗಾಡಿ ತೊಳೆದ ಮೇಲೆ ಒಂದು ಸುತ್ತು ಓಡಿಸಿ ನೀರು ಹಾರಲು ಬಿಟ್ಟು, ಆಮೇಲೆ ಚೈನಿಗೆ ಎಣ್ಣೆ, ಕ್ರೋಮಿಗೆ, ಸ್ಪೋಕಿಗೆ ತೆಳುವಾಗಿ ಎಣ್ಣೆ ಬಟ್ಟೆ. ಬ್ರೇಕ್ ಡಿಸ್ಕಿಗೆ ಮಾತ್ರ ಎಣ್ಣೆಯ ಒಂದು ಬೆರಳೂ ತಾಗಬಾರದು. ಸೈಲೆನ್ಸರಿನ ಬಾಯಿ, ಏರ್ ಫಿಲ್ಟರಿನ ಬಾಯಿ ಎರಡನ್ನೂ ಮುಚ್ಚಬೇಕು. ಕುಂಬಾರ ಹುಳಕ್ಕೆ ಮಣ್ಣಿನ ಗೂಡು ಕಟ್ಟಲು ಸೈಲೆನ್ಸರಿನಷ್ಟು ಅನುಕೂಲವಾದ ಬಿಲ ಇನ್ನೊಂದಿಲ್ಲ; ಇಲಿ ಏರ್ ಫಿಲ್ಟರಿನೊಳಗೆ ಹತ್ತಿ, ಹುಲ್ಲು ತುಂಬಿ ಮರಿ ಹಾಕುತ್ತದೆ, ವೈರು ಕಡಿಯುತ್ತದೆ. ಮುಚ್ಚಿದ ಬಟ್ಟೆಗೆ ಕೆಂಪು ದಾರ ಕಟ್ಟಿ, ಇನ್ನೊಂದು ತುದಿಯನ್ನು ಕೀಲಿ ಹಾಕುವ ಕಡೆಗೆ ಕಟ್ಟಿಡಿ. ತೆಗೆಯಲು ಮರೆಯುವುದಿಲ್ಲ. ಹೆಲ್ಮೆಟ್, ಚರ್ಮದ ಜಾಕೆಟ್ಟು, ಗ್ಲೌಸುಗಳನ್ನು ಬೈಕಿನ ಜೊತೆ ಬಿಡಬೇಡಿ. ಮಲೆನಾಡಿನ ಮನೆಗಳಲ್ಲಿ ರೇಷ್ಮೆ ಸೀರೆಗೆಂದು ಬಲ್ಬ್ ಉರಿಸಿಡುವ ಬೀರುವಿನಲ್ಲಿ ಅವಕ್ಕೂ ಒಂದು ಅರೆ ಕೊಡಿ.

ಓಡದ ಗಾಡಿಗೆ ವಿಮೆ ಏಕೆ ಎಂದು ಬಿಟ್ಟುಬಿಡುವವರಿದ್ದಾರೆ. ನಿಂತ ಗಾಡಿಯೂ ಕಳವಾಗುತ್ತದೆ, ಮಳೆಗೆ ಮರ ಬೀಳುತ್ತದೆ, ಹೊಳೆ ನೀರು ಅಂಗಳಕ್ಕೆ ಬರುತ್ತದೆ. ಇದಕ್ಕೆಲ್ಲ ಪರಿಹಾರ ಸಿಗುವುದು ಸ್ವಂತ ಹಾನಿಯ ವಿಮೆಯಿಂದ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ. ಆದರೆ ಅದು ಇತರರಿಗಾದ ಹಾನಿಗೆ. ಸ್ವಂತ ಹಾನಿಯ ಭಾಗದ ಅವಧಿ ಮುಗಿದು 90 ದಿನ ದಾಟಿದರೆ, ಇಷ್ಟು ವರ್ಷ ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ಸೂ ಹೋಗುತ್ತದೆ. ಮಗ ಹೊರಡುವ ಮೊದಲು ವಿಮೆಯ ಪಾಲಿಸಿ, ಆರ್‌ಸಿ, ಎರಡನೆಯ ಕೀಲಿ ಎಲ್ಲವನ್ನೂ ಮನೆಯವರ ಕೈಗೆ ಕೊಟ್ಟು, ನವೀಕರಿಸುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು ಹೋಗಲಿ.

ಜರ್ಮನಿಯಲ್ಲಿ ಏಪ್ರಿಲ್ ಒಂದು ಹೇಗೋ, ನಮ್ಮಲ್ಲಿ ಆಯುಧಪೂಜೆ ಹಾಗೆ ಬೈಕುಗಳು ಹೊರಬರುವ ದಿನ. ಅಲ್ಲಿನವರು ಹಿಮ ಕರಗಿದ ಕೂಡಲೇ ಹೊರಡುವುದಿಲ್ಲ, ರಸ್ತೆಯ ಉಪ್ಪನ್ನು ಒಂದೆರಡು ಮಳೆ ತೊಳೆಯಲಿ ಎಂದು ಕಾಯುತ್ತಾರೆ. ನಮ್ಮ ಒಳರಸ್ತೆಗಳಲ್ಲಿ ಆ ಹೊತ್ತಿಗೆ ಹಾವಸೆ ಇನ್ನೂ ಹಸಿಯಾಗಿಯೇ ಇರುತ್ತದೆ. ಪೂಜೆಗೆ ಮೊದಲು ಮುಚ್ಚಿದ ಬಟ್ಟೆಗಳನ್ನು ತೆಗೆಯಿರಿ, ಏರ್ ಫಿಲ್ಟರ್ ಬಿಚ್ಚಿ ಗೂಡಿದೆಯೇ ನೋಡಿ. ಬ್ಯಾಟರಿ ಕೂರಿಸಿ, ಟೈರಿನ ಪಕ್ಕಗಳಲ್ಲಿ ಸೀಳಿದೆಯೇ ಪರೀಕ್ಷಿಸಿ. ಬ್ರೇಕ್ ಆಯಿಲ್ ತೇವ ಹೀರುವಂಥದ್ದು. ಎರಡು ವರ್ಷವಾಗಿದ್ದರೆ ಬದಲಿಸಿ. ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿರಬಹುದು, ಆದ್ದರಿಂದ ಸ್ಟಾರ್ಟ್ ಮಾಡುವ ಮೊದಲು ಗೇರ್ ಹಾಕಿ, ಕ್ಲಚ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ತಳ್ಳಿ ಬಿಡಿಸಿಕೊಳ್ಳಿ. ಕುಂಕುಮ, ಹೂವು, ನಿಂಬೆಹಣ್ಣು ಎಲ್ಲ ಆದ ಮೇಲೆ ಅಂಗಳದಲ್ಲೇ ಎರಡೂ ಬ್ರೇಕು ಹಿಡಿದು ಬಿಟ್ಟು ನೋಡಿ, ಆಮೇಲೆ ರಸ್ತೆಗೆ ಇಳಿಸಿ. ಮೊದಲ ಹತ್ತು ಕಿಲೋಮೀಟರ್ ನಿಧಾನವಿರಲಿ.